ಮೂರು ಬಣ್ಣದ ಮರಳುಗಾಡು

ಚಲುವರಾಜು ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅವನಿಗೂ ಸೋದರಮಾವನ ಮಗಳು ರಂಜಿತಳಿಗೂ ಮದುವೆ ಮಾಡುವ ಬಗ್ಗೆ ಸಂಜೆ ಹಿರಿಯರು ಕೂತು ಮಾತಾಡುವವರಿದ್ದರು. ಅಷ್ಟರೊಳಗೆ ಅವಳಿಗೆ ಒಂದು ನಿಜ ಹೇಳಬೇಕಿತ್ತು. ಕಿಕ್ಕೇರಿಯಿಂದ ಅವಳ ಊರು ಶೀಳನೆರೆಗೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದ.

ರಂಜಿತ ಹಿತ್ತಲಲ್ಲಿ ಸೋಪು ಕತ್ತರಿಸುತ್ತಿದ್ದಳು. ಮನೆಯ ಕೊಬ್ಬರಿ ಎಣ್ಣೆಯಲ್ಲಿ ತಾನೇ ಸೋಪು ಮಾಡಿ, ಒಣಗಿಸಿ, ಬೆಳ್ಳೂರು ಕ್ರಾಸಿನ ಅಂಗಡಿಗಳಿಗೆ ಕೊಡುತ್ತಿದ್ದಳು.

"ಬಾ ಬಾವ, ನಿನ್ ಮರಳುಗಾಡು ನೋಡು ಬಾ," ಎಂದು ಒಂದು ತುಂಡು ಎತ್ತಿ ಹಿಡಿದಳು. ಅವಳ ಕಣ್ಣು ಮಾತ್ರ ಸೋಪಿನ ಮೇಲಿರಲಿಲ್ಲ, ಅವನ ಹೊಸ ಮೀಸೆಯ ಮೇಲಿತ್ತು.

ಮೇಲೆ ಮುಲ್ತಾನಿ ಮಣ್ಣಿನ ತಿಳಿಹಳದಿ, ಕೆಳಗೆ ಕೆಮ್ಮಣ್ಣಿನ ಕೆಂಪು, ನಡುವೆ ಇದ್ದಿಲ ಪುಡಿಯ ಕಪ್ಪು ಗೆರೆ.

ಆ ಬಣ್ಣಗಳನ್ನೆಲ್ಲ ಹೋದ ವರ್ಷ ರಜೆಗೆ ಬಂದಾಗ ಅವನೇ ವರ್ಣಿಸಿದ್ದ. ರಾಜಸ್ಥಾನದ ತಾಮ್ರದ ಗಣಿಯೊಂದರಲ್ಲಿ ಅವನು ಎಲೆಕ್ಟ್ರಿಷಿಯನ್. ಸಂಜೆಯಾದರೆ ಅಲ್ಲಿನ ಮರಳು ಹೇಗೆ ಹೊಳೆಯುತ್ತದೆ, ಹಿಂದಿನ ಕಾಲದವರು ಎಣ್ಣೆದೀಪ ಹಿಡಿದು ಕೆಂಪು ಬೆಟ್ಟದೊಳಗೆ ಹೇಗೆ ಇಳಿಯುತ್ತಿದ್ದರು, ಅವರು ತಾಮ್ರ ಕರಗಿಸಿ ಎಸೆದ ಕಿಟ್ಟ ಇವತ್ತಿಗೂ ಹೇಗೆ ಕಪ್ಪು ಗುಡ್ಡೆಯಾಗಿ ಬಿದ್ದಿದೆ ಎಂದೆಲ್ಲ ಹೇಳಿದ್ದ. ಅವಳು ಗಲ್ಲಕ್ಕೆ ಕೈಯಿಟ್ಟು ಕಣ್ಣರಳಿಸಿ ಕೇಳುತ್ತಿದ್ದಳು. ಆ ಕಣ್ಣಿಗೆ ಮರುಳಾಗಿ ಚೆಂದದ್ದನ್ನಷ್ಟೇ ಹೇಳಿಬಿಟ್ಟಿದ್ದ.

"ಯಾಕ್ ಬಾವ, ಚೆನ್ನಾಗಿಲ್ವಾ? ಮಕ ಇಂಗ್ ಮಾಡ್ಕಂಡಿದ್ದೀಯ?"

"ಚೆನ್ನಾಗದೆ. ಅದೇ ತಾಪತ್ರಯ." ಅವನು ಹಿತ್ತಲಲ್ಲೇ ಎರಡು ಸುತ್ತು ಹಾಕಿದ. "ರಂಜಿ, ನಾನು ಅರ್ಧ ಮಾತ್ರ ಯೋಳಿದ್ದು. ಅಲ್ಲಿ ಅನ್ನದ ತಟ್ಟೆಗೂ ಮರಳು ಬೀಳ್ತದೆ. ಕ್ವಾರ್ಟರ್ಸು ಅಂದ್ರೆ ಎರಡು ರೂಮು, ಮೇಲೆ ಶೀಟು. ಊರಿಗೆ ಫೋನ್ ಮಾಡ್ಬೇಕು ಅಂದ್ರೆ ಎಸ್‌ಟಿಡಿ ಬೂತ್ ಮುಂದೆ ಕ್ಯೂ. ನೀರಂತೂ ಬರೀ ಉಪ್ಪು, ಸೋಪು ಉಜ್ಜಿದ್ರೆ ನೊರೆನೇ ಬರಕಿಲ್ಲ. ಇದ್ನೆಲ್ಲ ಮುಚ್ಚಿಟ್ಟು ತಾಳಿ ಕಟ್ಟಕೆ ನನ್ ಕೈಲಾಗಲ್ಲ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡು, ಸಂಜೆ ನಾನೇ ಮಾತು ನಿಲ್ಲಿಸ್ತೀನಿ."

ರಂಜಿತ ಚಾಕು ಕೆಳಗಿಟ್ಟು ಎದ್ದು ಒಳಗೆ ಹೋದಳು. ಅವನು ಮುಗಿಯಿತು ಅಂದುಕೊಂಡ.

ಒಳಗಿನಿಂದ ಅವಳ ಅಮ್ಮ ಪುಟ್ಟಗೌರಮ್ಮನ ದನಿ ಕೇಳಿತು. "ಏ ರಂಜಿ, ಉಪ್ಪಿನ ಡಬ್ಬ ಎತ್ಕಂಡು ಎಲ್ಲಿಗೆ ವೊಂಟೆ?"

ಅವಳು ಹೊರಗೆ ಬಂದವಳೇ ಬಕೆಟ್ಟಿನ ನೀರಿಗೆ ಉಪ್ಪು ಸುರಿದು ಕದಡಿದಳು. "ನಾಲಿಗೆಗೆ ಆಕ್ಕಂಡು ನೋಡು. ಇಷ್ಟು ಉಪ್ಪಾ?"

"ಇನ್ನೊಂಚೂರು."

ಇನ್ನೊಂದು ಹಿಡಿ ಹಾಕಿದಳು. ಒಣಗಿದ ಸೋಪೊಂದನ್ನು ತಂದು, ಅವನ ಎರಡೂ ಕೈಯನ್ನು ನೀರಿಗೆ ಎಳೆದು ಉಜ್ಜತೊಡಗಿದಳು. ಏನೂ ಆಗಲಿಲ್ಲ. ಅವಳು ತುಟಿ ಕಚ್ಚಿ, ಕೈ ಬದಲಿಸಿ, ಮತ್ತೆ ಉಜ್ಜಿದಳು. ಬಳೆಗಳ ಸದ್ದು ಜೋರಾಯಿತು. ಕಡೆಗೆ ಅವರಿಬ್ಬರ ಬೆರಳ ಸಂದಿಯಲ್ಲಿ ಒಂದಿಷ್ಟು ಬಿಳಿ ನೊರೆ ಕಂಡಿತು.

"ಇಷ್ಟೇನಾ?" ಎಂದ ಅವನು, ಸಣ್ಣ ದನಿಯಲ್ಲಿ.

"ಸಾಕು ಬುಡು, ಇಬ್ರಿಗೆ."

ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆದರೂ ಜೀವ ತಡೆಯದೆ ಕೇಳಿದ. "ನೊರೆ ಬರ್ದೇ ಇದ್ದಿದ್ರೆ?"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಬರೋ ಗಂಟ ಉಜ್ತಿದ್ದೆ ಕಣ್ ಬಾವ."