ಲೋಮೆಯಲ್ಲಿ ಎರಡೇ ಗ್ಲಾಸ್

ಲಾಂಟೆ ಕುಡಿದದ್ದು ಎರಡೇ ಗ್ಲಾಸ್. ಅದನ್ನು ಆಣೆಯಿಟ್ಟು ಹೇಳಬಲ್ಲೆ. ಆ ಸಂಜೆಯೆಲ್ಲ ನಾನು ನೋಡುತ್ತಿದ್ದುದು ಅವನನ್ನೇ.

ಅಕ್ರಾದ ಒಂದೇ ಶಾಲೆಯಲ್ಲಿ ನಾವು ಮೂವರೂ ಟೀಚರುಗಳು. ಲಾಂಟೆ ಭೂಗೋಳ, ಅರಾಬಾ ಸಂಗೀತ, ನಾನು ಇಂಗ್ಲಿಷ್. ಪರೀಕ್ಷೆ ಮುಗಿದ ಶುಕ್ರವಾರ ಗಡಿ ದಾಟಿ, ಫ್ರೆಂಚ್ ಮಾತಾಡುವ ಪಕ್ಕದ ದೇಶದ ಲೋಮೆಗೆ ಹೊರಟಿದ್ದೆವು. ಗಡಿಯ ಸಾಲಿನಲ್ಲೇ ಲಾಂಟೆಯ ಕೀಟಲೆ ಶುರುವಾಗಿತ್ತು.

"ಯಾಯ್ರಾ, ಈ ಕಸ್ಟಮ್ಸ್‌ನೋರು ಬ್ಯಾಗ್ ಮಾತ್ರ ನೋಡ್ತಾರೆ. ನೀನು ನನ್ನ ಹಲ್ಲನ್ನೂ ಎಣಿಸ್ತೀಯಲ್ಲ!"

"ಎಣಿಸಿದೆ. ಒಂದು ಹುಳುಕಿದೆ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತದೆ. ಎರಡು ವರ್ಷದಿಂದ ನನಗದು ಗೊತ್ತು. ಗೊತ್ತೆಂದು ಯಾರಿಗೂ ಹೇಳಿರಲಿಲ್ಲ.

ಕಡಲ ದಂಡೆಯ ಅಂಗಡಿಯಲ್ಲಿ ಅರಾಬಾ ಬಿಯರ್ ತರಿಸಿಕೊಂಡಳು, ನಾನು ಸೋಡಾ. ಲಾಂಟೆ ಬೇರು ಮುಳುಗಿಸಿದ ಸೊದಾಬಿಯ ಬಾಟಲಿಯತ್ತ ಕೈ ತೋರಿಸಿದ. ನನ್ನಜ್ಜಿ ಊರಿನಲ್ಲಿ ತಾಳೆಯ ಹೆಂಡದಿಂದ ಅದನ್ನೇ ಬಟ್ಟಿಯಿಳಿಸುತ್ತಿದ್ದವಳು. ಅಭ್ಯಾಸಬಲದಿಂದ ಅವನ ಗ್ಲಾಸನ್ನು ಮೂಸಿದೆ. ತಾಳೆಯ ವಾಸನೆಯೇ ಇರಲಿಲ್ಲ. ಬೇರಿನ ಕಹಿಯ ಕೆಳಗೆ, ಪೇಂಟ್ ಒರೆಸುವ ಸ್ಪಿರಿಟ್ಟಿನಂಥದ್ದೇನೋ ಇತ್ತು.

"ಟೀಚರಮ್ಮ ಪರೀಕ್ಷೆ ಮಾಡಿದ್ರು," ಅಂದ ಲಾಂಟೆ. "ಪಾಸೋ, ಫೇಲೋ?"

"ಬಿಡೋ, ಇವಳಿಗೆ ಕುಡಿಯೋ ನೀರಲ್ಲೂ ವಿಷ ಕಾಣುತ್ತೆ," ಅಂದಳು ಅರಾಬಾ.

ಇಬ್ಬರೂ ನಕ್ಕರು. ನಾನು ಗ್ಲಾಸ್ ಕೆಳಗಿಟ್ಟೆ. ಏನೂ ಹೇಳಲಿಲ್ಲ.

ಪಕ್ಕದ ಮೇಜಿಗೆ ತಲೆಯಾನಿಸಿ ಒಬ್ಬ ಮೀನುಗಾರ ಮಲಗಿದ್ದ. ಅವನ ತುಟಿಯ ಮೇಲೆ ನೊಣ ಕೂತಿತು. ಅವನು ಓಡಿಸಲಿಲ್ಲ.

ಒಂಬತ್ತಕ್ಕೆಲ್ಲ ಲಾಂಟೆಯ ಕಾಲು ತಡವರಿಸತೊಡಗಿತು. ನಾವಿಬ್ಬರೂ ಎರಡು ಕಡೆ ಹಿಡಿದು ಗೆಸ್ಟ್‌ಹೌಸಿಗೆ ತಂದೆವು.

"ಎರಡು ಗ್ಲಾಸಿಗೇ ಮಗುಚಿಕೊಂಡ ಗಂಡಸು! ಸ್ಟಾಫ್ ರೂಮಲ್ಲಿ ಒಂದು ವರ್ಷ ನಗಬಹುದು ಕಣೇ," ಎನ್ನುತ್ತಾ ಅರಾಬಾ ಮಲಗಿಬಿಟ್ಟಳು.

ನಾನು ಅವನನ್ನು ಮಗ್ಗುಲಾಗಿಸಿ, ಬಕೆಟ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಎರಡು ಸಲ ವಾಂತಿಯಾಯಿತು. ಬೆಳಗಿನ ಜಾವ ಅವನ ಉಸಿರು ಬದಲಾಯಿತು; ಓಡಿ ಬಂದವನ ಉಸಿರಿನಂತೆ ಆಳವಾಗಿ, ಬೇಗಬೇಗ. ಕಣ್ಣು ತೆರೆದ.

"ಯಾಯ್ರಾ, ರೂಮೊಳಗೆ ಹರ್ಮಟಾನ್ ಧೂಳು ಬಂದಿದೆಯಾ? ಎಲ್ಲ ಬಿಳಿ ಬಿಳಿ."

ಅದು ಜೂನ್ ತಿಂಗಳು. ಆ ಧೂಳುಗಾಳಿಗೆ ಇನ್ನೂ ಆರು ತಿಂಗಳಿತ್ತು. ನಾನು ಅವನ ಮುಖದ ಮುಂದೆ ಕೈ ಹಿಡಿದೆ. "ಎಷ್ಟು ಬೆರಳು?"

"ಕೈ ಎಲ್ಲಿದೆ?"

ಅರಾಬಾಳನ್ನು ಅಲುಗಾಡಿಸಿ ಎಬ್ಬಿಸಿದೆ.

"ಅಮಲು ಕಣೇ, ಮಲಗಲಿ ಬಿಡು. ಆಸ್ಪತ್ರೆಗೆ ಹೋಗಿ ಫ್ರೆಂಚಲ್ಲಿ ಏನಂತ ಹೇಳ್ತೀಯ?"

"ಎರಡೇ ಗ್ಲಾಸ್, ಅರಾಬಾ. ಎರಡೂ ಸಣ್ಣವು. ಇದು ಅಮಲಲ್ಲ."

"ನೀನು ಎಣಿಸ್ತಾ ಕೂತಿದ್ದೆಯಾ?"

"ಹೂಂ. ಎಣಿಸ್ತಾ ಇದ್ದೆ."

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಚಪ್ಪಲಿ ಹುಡುಕಿದಳು.

ಬೀದಿಯಲ್ಲಿ ಸಿಕ್ಕಿದ್ದು ಒಂದೇ ಬೈಕ್ ಟ್ಯಾಕ್ಸಿ. ಸವಾರನ ಹಿಂದೆ ಲಾಂಟೆಯನ್ನು ಕೂರಿಸಿ, ಅವನ ಹಿಂದೆ ನಾನು ಹತ್ತಿದೆ. ಉಡುಪಿನ ಮೇಲೆ ತನ್ನ ಸೊಂಟಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿ, ನಮ್ಮ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟುವಂತೆ, ಅರಾಬಾ ಅವನನ್ನು ನನ್ನ ಎದೆಗೆ ಬಿಗಿಯಾಗಿ ಕಟ್ಟಿದಳು. ಅವನಿಗೆ ಇಷ್ಟು ಹತ್ತಿರವಾಗುವ ದಿನವನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಹೀಗಲ್ಲ. ದಾರಿಯುದ್ದಕ್ಕೂ ಅವನ ಬೆನ್ನಿನೊಳಗಿನ ಉಸಿರನ್ನೇ ಕೇಳುತ್ತಿದ್ದೆ.

ಆಸ್ಪತ್ರೆಯಲ್ಲಿ ಫ್ರೆಂಚ್ ಬೇಕಾಗಲಿಲ್ಲ. ನರ್ಸ್ ನನ್ನಜ್ಜಿಯ ಭಾಷೆಯಲ್ಲೇ ಕೇಳಿದಳು, "ಯಾವ ಅಂಗಡಿ, ತಂಗಿ?"

ಹೇಳಿದೆ.

"ಅಲ್ಲಿಂದ ಬಂದೋರಲ್ಲಿ ನೀವು ಮೂರನೆಯವರು."

"ಮೊದಲಿನವರು ಹೇಗಿದ್ದಾರೆ?"

ಅವಳು ಪಕ್ಕದ ಹಾಸಿಗೆಯ ಪರದೆಯನ್ನು ಇನ್ನಷ್ಟು ಎಳೆದಳು, ಅಷ್ಟೆ.

ಸರಿಯಾದ ಔಷಧಿ ಮಧ್ಯಾಹ್ನ ಬರಬೇಕಿತ್ತು. ಅಲ್ಲಿಯವರೆಗೆ ಒಳ್ಳೆಯ ಮದ್ಯವೇ ಸೊದಾಬಿಯಲ್ಲಿ ಬೆರೆತಿದ್ದ ಮೆಥನಾಲ್ ವಿಷವನ್ನು ತಡೆದಿಡುವುದು ಎಂದರು ಡಾಕ್ಟರು. ಹಿಂದೆಯೇ ಬಂದಿದ್ದ ಅರಾಬಾ ಯಾರದೋ ಅಂಗಡಿಯ ಬಾಗಿಲು ಬಡಿದು, ಸೀಲ್ ಒಡೆಯದ ವಿಸ್ಕಿ ತಂದಳು. ಡಾಕ್ಟರು ಹೇಳಿದ ಅಳತೆಯಲ್ಲಿ, ಗಂಟೆಗೊಂದು ಸಲ ಕುಡಿಸುವ ಕೆಲಸ ನನ್ನದಾಯಿತು. ರಾತ್ರಿಯೆಲ್ಲ ಅವನ ಅಮಲು ಇಳಿಯಲೆಂದು ಬೇಡಿದವಳು, ಈಗ ಇಳಿಯದಿರಲೆಂದು ಗಡಿಯಾರ ನೋಡುತ್ತಾ ಕೂತೆ.

ನಾಲ್ಕನೆಯ ಸಲಕ್ಕೆ ಅವನ ನಾಲಿಗೆ ಸಡಿಲವಾಯಿತು.

"ನಾನು ಲೋಮೆ ನೋಡೋಕೆ ಬಂದಿದ್ದಲ್ಲ. ನೀನು ಬರ್ತೀಯ ಅಂತ ಬಂದೆ."

"ಬಾಯಿ ತೆಗಿ."

"ಮದುವೆ ಆಗ್ತೀಯಾ?"

"ಕುಡಿದೋರ ಮಾತು ನಂಗೆ ಬೇಡ. ನುಂಗು."

"ನುಂಗಿದೆ. ಆಗ್ತೀಯಾ?"

ಆಗ ಪರದೆಯಾಚೆ ಗಾಲಿಗಳ ಸದ್ದಾಯಿತು. ಏನನ್ನೋ ನಿಧಾನವಾಗಿ ತಳ್ಳಿಕೊಂಡು ಹೋದರು. ಒಬ್ಬ ಹೆಂಗಸಿನ ಅಳು ಕಾರಿಡಾರಿನುದ್ದಕ್ಕೂ ದೂರವಾಗುತ್ತಾ ಹೋಯಿತು. ಲಾಂಟೆ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡ.

ಔಷಧಿ ಬಂತು. ಭಾನುವಾರ ಸಂಜೆಯ ಹೊತ್ತಿಗೆ ಅವನು ಪೂರ್ತಿ ಎಚ್ಚರವಾಗಿದ್ದ. ಜೀವಕ್ಕೆ ಭಯವಿಲ್ಲ, ಕಣ್ಣಿನ ಮಾತು ಈಗಲೇ ಹೇಳಲಾರೆ ಎಂದರು ಡಾಕ್ಟರು. ಅಂಚಿನಲ್ಲಿರುವುದೆಲ್ಲ ಅವನಿಗೆ ಕಾಣುತ್ತಿತ್ತಂತೆ. ನೇರ ನೋಡಿದಲ್ಲಿ ಮಾತ್ರ ಆ ಬಿಳುಪು.

ಇನ್ನು ತಡೆಯಲಾರದೆ ಹೇಳಿದೆ.

"ಆ ಗ್ಲಾಸ್ ಮೂಸಿದಾಗಲೇ ವಾಸನೆ ಸರಿ ಇಲ್ಲ ಅಂತ ಗೊತ್ತಾಗಿತ್ತು ಲಾಂಟೆ. ನೀವಿಬ್ರೂ ನಗ್ತೀರಿ ಅಂತ ಬಾಯಿ ಮುಚ್ಕೊಂಡೆ."

ಕಿಟಕಿಯಾಚೆ ಯಾರೋ ಬೈಕ್ ಒದ್ದು ಒದ್ದು, ಕೊನೆಗೆ ಚಾಲೂ ಮಾಡಿಕೊಂಡು ಹೋದರು. ಅವನು ನನ್ನನ್ನು ಇನ್ನು ಹತ್ತಿರ ಸೇರಿಸಲಾರ ಅಂದುಕೊಂಡೆ.

"ನಾನು ನಕ್ಕೆ," ಅಂದ ಕಡೆಗೆ. "ಅದೂ ಇದೆಯಲ್ಲ."

"ಆದ್ರೂ ಹೇಳಬೇಕಿತ್ತು."

"ಹೌದು, ಹೇಳಬೇಕಿತ್ತು." ಅವನ ದನಿ ಒಡೆಯಿತು. "ಇನ್ಮೇಲೆ ಹೇಳು. ನಾನು ನಕ್ಕರೂ ಹೇಳು, ಸಿಡುಕಿದ್ರೂ ಹೇಳು. ಮುದುಕ ಆಗೋವರೆಗೂ ನನ್ನ ಪಕ್ಕದಲ್ಲೇ ಇದ್ದು ಹೇಳ್ತಾ ಇರು."

ನಾನು ಅತ್ತೆ. ಅವನು ಮುಖವನ್ನು ಓರೆಮಾಡಿ, ಕಣ್ಣಂಚಿನಿಂದ ನನ್ನನ್ನು ನೋಡಲು ಯತ್ನಿಸಿದ.

"ಹೊರಗೆ ಗಾಳಿಗೆ ಕರ್ಕೊಂಡು ಹೋಗ್ತೀಯಾ?"

ಅವನ ತೋಳಿನೊಳಗೆ ತೋಳು ಸೇರಿಸಿದೆ. ಕಾರಿಡಾರ್ ದಾಟಿ ಜಗುಲಿಯ ತುದಿಗೆ ಬಂದೆವು.

"ನಿಲ್ಲು," ಅಂದೆ. "ಮೆಟ್ಟಿಲಿದೆ."

ಅವನು ನಿಂತ. ನನ್ನ ಕೈ ಒತ್ತಿ ಹಿಡಿದು, ಕಾಣದ ಕಡೆಗೆ ಕಾಲು ಚಾಚಿದ.