ಸೊಂಟದ ಆರನೆಯ ಮೂಳೆ

ಮಾರ್ಚ್ 11, ಬೆಳಿಗ್ಗೆ 10.20. ಪೇಂಟರನ ಹೆಂಡತಿ ಠಾಣೆಗೆ ಬಂದು ದೂರು ಕೊಟ್ಟಳು. ಸೊಂಟನೋವಿಗೆ ಆಪರೇಷನ್ ಮಾಡಿಸಿಕೊಂಡ ಗಂಡನಿಗೆ ಎರಡೂ ಕಾಲಿನ ಸ್ವಾಧೀನ ಹೋಗಿತ್ತು. ಹೇಳದೆ ಕೇಳದೆ ಮಂಚದಿಂದ ಎದ್ದದ್ದೇ ಕಾರಣ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು.

"ಎದ್ದಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ನೀರಿಗೆ ಕೈ ಚಾಚಿದ್ರು, ಅಷ್ಟೇ ಸರ್. ಈಗ ಅವರೂ ಆಸ್ಪತ್ರೆಯವರ ಮಾತನ್ನೇ ನಂಬಿದ್ದಾರೆ. ದಿನಾ ತಮ್ಮನ್ನೇ ಬೈಕೋತಾರೆ."

ಸಂಜೆ ಆಸ್ಪತ್ರೆಗೆ ನೋಟಿಸ್ ಹೋಯಿತು. ಮರುದಿನ ಮಧ್ಯಾಹ್ನ ಕಡತ ವಶಕ್ಕೆ ಬಂತು. ಕುಯ್ಯುವ ಜಾಗಕ್ಕೆ ಗುರುತಿನ ಸೂಜಿ ಇಟ್ಟು ಆಪರೇಷನ್ ಕೋಣೆಯಲ್ಲಿ ತೆಗೆದ ಎಕ್ಸ್‌ರೇ ಅದರಲ್ಲಿತ್ತು. ಸೂಜಿ ಸರಿಯಾದ ಜಾಗದಲ್ಲೇ ಇತ್ತು. ಕಾಗದದ ಪ್ರಕಾರ ಯಾರದೂ ತಪ್ಪಿಲ್ಲ.

ಮಹಿಳಾ ಕಾನ್‌ಸ್ಟೇಬಲ್ ಪೇಂಟರನ ಮನೆಯಿಂದ ಅವನ ಹಳೆಯ ಎಕ್ಸ್‌ರೇ ತಂದು, ಎರಡನ್ನೂ ಕಿಟಕಿಗೆ ಹಿಡಿದಳು.

"ಸರ್, ಪಕ್ಕೆಲುಬಿನ ಕೆಳಗೆ ಈ ಹಳೇದರಲ್ಲಿ ಆರು ಮೂಳೆ. ಆಸ್ಪತ್ರೇದರಲ್ಲಿ ಐದೇ."

"ಶಾಲೇಲಿ ಲೆಕ್ಕದಲ್ಲಿ ಎಷ್ಟು ಬಂದಿತ್ತಮ್ಮಾ ನಿಂಗೆ?"

"ಸೊನ್ನೆ ಸರ್. ಅದಕ್ಕೇ ಮೂರು ಸಲ ಎಣಿಸಿದೆ."

ಸರ್ಕಾರಿ ವೈದ್ಯರು ಪೇಂಟರನನ್ನು ಪರೀಕ್ಷಿಸಿದರು. "ಕೆಲವರಿಗೆ ಹುಟ್ಟಿನಿಂದಲೇ ಒಂದು ಹೆಚ್ಚಿರುತ್ತೆ. ಮೇಲಿಂದ ಎಣಿಸಿದ್ರೆ ಒಂದು ಜಾಗ, ಕೆಳಗಿಂದ ಎಣಿಸಿದ್ರೆ ಇನ್ನೊಂದು. ಕುಯ್ದಿರೋದು ತಪ್ಪು ಜಾಗ, ನರಕ್ಕೂ ಪೆಟ್ಟಾಗಿದೆ. ಐದು ಮೂಳೆಯ ಈ ಫಿಲ್ಮು ಇವನದ್ದೇ ಅಲ್ಲ."

ಮಾರ್ಚ್ 14ರಂದು ಎಫ್‌ಐಆರ್ ದಾಖಲಾಯಿತು. 15ರಂದು ಬೆಳಿಗ್ಗೆ 11ಕ್ಕೆ ಎಕ್ಸ್‌ರೇ ಕೋಣೆಯ ಕಂಪ್ಯೂಟರಿನ ಪಂಚನಾಮೆ. ನಿಜವಾದ ಚಿತ್ರ ಅಳಿಸಿಹೋಗಿತ್ತು. ಬೇರೊಬ್ಬ ರೋಗಿಯ ಚಿತ್ರಕ್ಕೆ 12ರ ಬೆಳಿಗ್ಗೆ 7.40ಕ್ಕೆ ಪೇಂಟರನ ಹೆಸರು ಹಾಕಲಾಗಿತ್ತು. ಪಾಸ್‌ವರ್ಡ್ ಎಕ್ಸ್‌ರೇ ತಂತ್ರಜ್ಞನದು. ಅವನು ಅಲ್ಲಗಳೆಯಲಿಲ್ಲ.

"ಡಾಕ್ಟ್ರು ಹೇಳಿದ್ರಾ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ."

"ಮತ್ತೆ ನಿಂಗ್ಯಾಕಯ್ಯಾ ಈ ಉಸಾಬರಿ?"

"ನನ್ನ ಮಗಳ ಬೆನ್ನು ಹಾವಿನ ಥರ ತಿರುಚಿಕೊಂಡಿತ್ತು ಸರ್. ಹದಿನಾಲ್ಕು ವರ್ಷ ನೆಟ್ಟಗೆ ಕೂತವಳಲ್ಲ. ಆ ಡಾಕ್ಟ್ರೇ ಎಂಟು ಗಂಟೆ ನಿಂತು ಸರಿ ಮಾಡಿದ್ದು. ಅವರು ತಲೆ ತಗ್ಗಿಸೋದನ್ನ ನಾನು ಹೇಗೆ ನೋಡ್ಲಿ?"

12.10ಕ್ಕೆ ಅವನನ್ನು ಬಂಧಿಸಲಾಯಿತು. ಶಸ್ತ್ರವೈದ್ಯರ ನಿರ್ಲಕ್ಷ್ಯದ ವಿಚಾರ ತಜ್ಞರ ಸಮಿತಿಗೆ ಹೋಯಿತು.

ಸಂಜೆ ಹೇಳಿಕೆಗೆ ಸಹಿ ಹಾಕಲು ಬಂದ ಪೇಂಟರನ ಹೆಂಡತಿಗೆ ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು.

"ಆ ಹುಡುಗಿ ಈಗ ನಡೀತಾಳಾ?"

"ನಡೀತಾಳಂತೆ."

ಅವಳು ಪೆನ್ನು ಕೆಳಗಿಟ್ಟಳು. "ತಪ್ಪು ಅವರದಲ್ಲ ಅಂತ ನಮ್ಮವರಿಗೆ ನೀವೇ ಬಂದು ಹೇಳಿ ಸರ್. ನಾನು ಹೇಳಿದ್ರೆ, ಸಮಾಧಾನಕ್ಕೆ ಹೇಳ್ತಿದಾಳೆ ಅಂದ್ಕೋತಾರೆ."