ಕೆಟ್ಟುಹೋದ ಕರೆ

ಅಂದು ಬೆಳಿಗ್ಗೆ ಜಿಪಾರ್ಕುಲ್ ನಾಯಿ ಪಳಗಿಸುವ ನಮ್ಮ ತರಗತಿಗೆ ನಾಯಿಯಿಲ್ಲದೆ ಬಂದಳು. ಕೈಯಲ್ಲಿ ಬರೀ ಹಗ್ಗ. ಅದನ್ನು ನಾವೆಲ್ಲ ಎಜೆ, ಎಂದರೆ ಅಕ್ಕ, ಎಂದು ಕರೆಯುವ ಸಬೀರಾರ ಮುಂದೆ ಬಿಸಾಡಿ, "ನನ್ನ ಶುಮ್ಕಾರ್‌ನ ಎಲ್ಲಿಟ್ಟಿದೀರಿ, ಎಜೆ?" ಎಂದಳು.

ಬಿಷ್ಕೆಕ್‌ನ ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತರಾದ ಎಜೆಗೆ ಕಳ್ಳರನ್ನು ಹಿಡಿಯುವುದು ಹೊಸದಲ್ಲ. ಕಳ್ಳಿ ಎನ್ನಿಸಿಕೊಂಡದ್ದು ಹೊಸದು. ಅವರ ಜೀಪು ಓಡಿಸುತ್ತಿದ್ದವನು ನಾನು, ನಿವೃತ್ತಿಯ ಮೇಲೂ ಅವರ ಬೆನ್ನು ಬಿಟ್ಟಿರಲಿಲ್ಲ. "ನಾಲಿಗೆ ಬಿಗಿ ಹಿಡಿದು ಮಾತಾಡಮ್ಮ" ಎಂದು ರೇಗಿದೆ.

"ಸುಮ್ನಿರು ಬೆಕ್ತೆನ್. ನಾಯಿ ಕಳಕೊಂಡೋಳು ಅವಳು, ನೀನಲ್ಲ" ಎಂದರು ಎಜೆ.

ಅವಳ ಅನುಮಾನಕ್ಕೆ ಕಾರಣವಿತ್ತು. ನಮ್ಮಲ್ಲಿ ಪ್ರತಿ ನಾಯಿಗೂ ಒಂದು ಕರೆಮಾತು. ಅದನ್ನು ಕೇಳಿದರೆ ಮಾತ್ರ ನಾಯಿ ಇನ್ನೊಬ್ಬರ ಹಿಂದೆ ಹೊರಡುತ್ತದೆ. ಒಡೆಯರು ಆ ಮಾತನ್ನು ಕಲಿಸುವವರ ಕಿವಿಗಷ್ಟೇ ಹೇಳುತ್ತಾರೆ. ಕಲಿಸುವವರು ಇಬ್ಬರೇ: ಎಜೆ, ಮತ್ತು ಎಜೆಯೇ ಸಾಕಿ ಬೆಳೆಸಿದ, ತಮ್ಮನಂಥ ಎರ್ಮೆಕ್. "ಕೋಪದಲ್ಲಿ ನಾಯೀನ ಕರೀಬೇಡಿ" ಎಂದು ಎಜೆ ಎಲ್ಲರಿಗೂ ಹೇಳುತ್ತಿದ್ದರು. "ಹಾಗೆ ಕರೆದ ಮಾತು ಒಡೆದ ಹಾಲು. ಚೆಲ್ಲಿ, ಬೇರೆ ಮಾತು ಹುಡುಕ್ಕೊಳ್ಳಿ." ಈ ಕಳವಿನ ಸುದ್ದಿ ಹಬ್ಬಿದರೆ ತರಗತಿಗೆ ಬೀಗ ಬೀಳುವುದು ಖಂಡಿತ.

ಜಿಪಾರ್ಕುಲ್‌ಳ ಅಂಗಳಕ್ಕೆ ಹೋದೆವು. ಜರ್ದಾಲು ಮರದ ಕೆಳಗಿನ ಕೆಸರಿನಲ್ಲಿ ನಾಯಿ ಮೈಚೆಲ್ಲಿ ಮಲಗಿದ ಅಚ್ಚು ಮೂಡಿತ್ತು. ಅಲ್ಲಿಂದ ಬಾಗಿಲವರೆಗೆ ನಾಯಿಯ ಹೆಜ್ಜೆ ಒಂದೂ ಇರಲಿಲ್ಲ. ಊರವರೆಲ್ಲ ಹಾಕುವ ರಬ್ಬರ್ ಬೂಟಿನ ಗುರುತಿತ್ತು; ಒಳಬಂದದ್ದು ಹಗುರ, ಹೊರಹೋದದ್ದು ಆಳ.

ಅಷ್ಟರಲ್ಲಿ ಎರ್ಮೆಕ್ ಬಂದ. ಸೊಂಟ ಹಿಡಿದುಕೊಂಡು ಮೆಲ್ಲಗೆ ಜಗಲಿಯ ಮೇಲೆ ಕೂತ.

"ಹೇಳೋಕೆ ನಾಲಿಗೆ ಏಳ್ತಿಲ್ಲ, ಎಜೆ. ನಿನ್ನೆ ಸಂಜೆ ಈ ದಾರೀಲಿ ಬರ್ತಿದ್ದೆ. ಬೇಲಿ ಒಳಗಿಂದ ಹೆಂಗಸಿನ ದನಿ 'ಕೆತ್ತಿಕ್, ಹೋಗೋಣ' ಅಂತ ಶುಮ್ಕಾರ್‌ನ ಕರೆಮಾತು ಹೇಳ್ತು. ಶುಮ್ಕಾರ್ ಬಾಲ ಆಡಿಸ್ಕೊಂಡು ಕುಣೀತಾ ಅವಳ ಹಿಂದೆ ಹೋಯ್ತು. ದನಿ ನಿಮ್ಮದೇ ಥರ ಇತ್ತು."

ಜಿಪಾರ್ಕುಲ್ ಏನೋ ಹೇಳಹೊರಟಳು. ಎಜೆ ಅವಳ ಕೈ ಅದುಮಿದರು. "ನಾಳೆ ಎಲ್ಲರೂ ತರಗತಿ ಮೈದಾನಕ್ಕೆ ಬನ್ನಿ" ಎಂದಷ್ಟೇ ಹೇಳಿದರು.

ಮರುದಿನ ನಾಯಿ ತಂದವರೆಲ್ಲ ಸುತ್ತ ನಿಂತರು. ಎಜೆ ಜಿಪಾರ್ಕುಲ್‌ಳತ್ತ ತಿರುಗಿ, "ಹೇಳಲಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು.

"ಹೋದ ವಾರ ಇವಳು 'ಕೆತ್ತಿಕ್' ಅಂತ ಕಿರುಚಿ, ಶುಮ್ಕಾರ್‌ನ ಚುಚ್ಚುಮದ್ದಿಗೆ ಎಳಕೊಂಡು ಹೋದಳು. ಆಮೇಲಿಂದ ಆ ಮಾತು ಕೇಳಿದ್ರೆ ಅದು ನೆಲಕ್ಕೆ ಅಂಟ್ಕೊಂಡು ಮಲಗುತ್ತೆ. ಅಳ್ತಾ ಬಂದು ಹೇಳಿದಳು, ಬೇರೆ ಮಾತು ಕೊಟ್ಟೆ. ಹೊಸದು ನಮ್ಮಿಬ್ಬರಿಗೇ ಗೊತ್ತು, ಅದಕ್ಕೇ ನನ್ನ ಮೇಲೆ ಅನುಮಾನ. ಆದ್ರೆ ಕಳ್ಳ ಹಳೇದನ್ನೇ ಅಂದ. ನಾಯಿ ಮಲಗಿತು. ಹಟ ಮಾಡ್ತಿದೆ ಅಂದ್ಕೊಂಡು ಹೊತ್ಕೊಂಡು ಹೋದ. ನಾಯಿ ಹೆಜ್ಜೆ ಇಲ್ಲ, ಬೂಟು ಹೂತಿದೆ. ಕುಣೀತಾ ಹೋಯ್ತು ಅಂದೋನು ಒಬ್ಬನೇ. ನಮ್ಮಿಬ್ಬರನ್ನ ಬಿಟ್ರೆ ಹಳೇ ಮಾತು ಗೊತ್ತಿದ್ದೋನೂ ಅವನೊಬ್ಬನೇ." ಎಜೆ ಅವನತ್ತ ತಿರುಗಿದರು. "ಸೊಂಟ ಹೇಗಿದೆ, ಎರ್ಮೆಕ್?"

ಅವನು ತಲೆ ತಗ್ಗಿಸಿದ. "ನನ್ನದೇ ತರಗತಿ ತೆರೀಬೇಕಿತ್ತು. ನಿಮ್ಮ ಹೆಸರಿರೋವರೆಗೂ ನನ್ನ ಹತ್ರ ಯಾರು ಬರ್ತಾರೆ? ನಾಯಿ ನಮ್ಮ ಮಾವನ ಕುರಿದೊಡ್ಡೀಲಿದೆ." ಆಮೇಲೆ ಅವನೇ ದೂರುವವನಂತೆ ಕೇಳಿದ: "ಮಾತು ಬದಲಾಯ್ಸಿದ್ದು ನನಗ್ಯಾಕೆ ಹೇಳ್ಲಿಲ್ಲ?"

"ಅದು ಅವಳ ನಾಚಿಕೆ ಕಣೋ. ನಂಬಿ ಬಂದೋರ ನಾಚಿಕೇನ ನಿನ್ನ ಹತ್ರಾನೂ ಹಂಚ್ಕೊಳ್ಳೋ ಹಾಗಿಲ್ಲ. ಅಷ್ಟೂ ಕಲಿಸ್ಲಿಲ್ವಾ ನಿನಗೆ?"

ಜಿಪಾರ್ಕುಲ್ ಹಗ್ಗವನ್ನೆತ್ತಿಕೊಂಡು, "ತಪ್ಪಾಯ್ತು, ಎಜೆ" ಎಂದು, ನಾಯಿಯನ್ನು ತರಲು ನನ್ನ ಜೀಪು ಹತ್ತಿದಳು. ಉಂಡ ಮನೆಗೆ ಎರಡು ಬಗೆದ ಎರ್ಮೆಕ್ ಮೈದಾನದ ಗೇಟಿನತ್ತ ನಡೆದ.

ಆಗ ಎಜೆಯ ಮುದಿ ನಾಯಿ ಕಾರಾ ಎದ್ದಿತು. ಎರ್ಮೆಕ್‌ನ ಕೈಯಿಂದಲೇ ಹಾಲು ಕುಡಿದು ಬೆಳೆದ ನಾಯಿ ಅದು. ಬಾಲವಾಡಿಸುತ್ತ ಅವನ ಹಿಂದೆಯೇ ಹೊರಟಿತು.

"ಕರೀರಿ ಎಜೆ, ಹೋಗ್ತಿದೆ" ಎಂದೆ.

ಎಜೆಯ ತುಟಿ ನಡುಗುತ್ತಿತ್ತು.

"ಈಗ ಬೇಡ ಬೆಕ್ತೆನ್. ಈಗ ಕರೆದ್ರೆ ಆ ಮಾತೂ ಕೆಟ್ಟುಹೋಗುತ್ತೆ."